ಎಫ್1ರ ಪಕ್ಕದಲ್ಲಿ ನಿಲ್ಲಬಲ್ಲ ಕಾರು ಯಾವುದು?

ಮಾದರಿ ಕಾರು ಸಂಗ್ರಹಿಸುವ ನಮ್ಮ ಬಳಗದ ಕಾರವಾರದ ಸದಸ್ಯರೊಬ್ಬರು ತಮ್ಮಲ್ಲಿ ಮ್ಯಾಕ್ಲಾರೆನ್ ಎಫ್1 ಎಂಬ ರಸ್ತೆ ಕಾರಿನ 1:18 ಅಳತೆಯ (ನಿಜವಾದ ಕಾರಿನ ಹದಿನೆಂಟನೆಯ ಒಂದು ಪಾಲು ಉದ್ದದ) ಮಾದರಿ ಇದೆಯೆಂದೂ, ಅದರ ಉತ್ತರಾಧಿಕಾರಿಯೆಂದು ಪಕ್ಕದಲ್ಲಿ ಇಡಲು ಪಿ1, ಸ್ಪೀಡ್‌ಟೇಲ್, ಟಿ.50 ಈ ಮೂರು ಕಾರುಗಳ ಮಾದರಿಗಳಲ್ಲಿ ಯಾವುದನ್ನು ಕೊಳ್ಳಬೇಕೆಂದೂ ಕೇಳಿದ್ದಾರೆ. ಅದಕ್ಕೆ ಶಿರಸಿಯ ಇನ್ನೊಬ್ಬರು, ಎಫ್1ಗೆ ಉತ್ತರಾಧಿಕಾರಿ ಹುಟ್ಟುವುದೇ ಸಾಧ್ಯವಿಲ್ಲ, ಹಣ ಉಳಿಸಿಕೊಳ್ಳಿ ಎಂದು ಬರೆದಿದ್ದಾರೆ. ನನ್ನ ಉತ್ತರ ಟಿ.50. ಆದರೂ ಶಿರಸಿಯವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಉತ್ತರಾಧಿಕಾರಿಯನ್ನು ಅಳೆಯುವ ಮೊದಲು ಮೂಲದ ಕಾರಿನಲ್ಲಿ ಏನಿತ್ತೆಂಬುದನ್ನು ನೋಡಬೇಕು. 1992ರಲ್ಲಿ ಮೊನಾಕೊದಲ್ಲಿ ಅನಾವರಣಗೊಂಡ ಎಫ್1, ಕಾರ್ಬನ್ ಫೈಬರ್ ಮಾನೊಕಾಕ್ (ಕಾರಿನ ಭಾರವನ್ನೆಲ್ಲ ಹೊರುವ ಒಂದೇ ಚಿಪ್ಪಿನಂಥ ಒಡಲು) ಇದ್ದ ಮೊದಲ ರಸ್ತೆ ಕಾರು. ವಿನ್ಯಾಸಕಾರ ಗಾರ್ಡನ್ ಮರ್ರೆ ಎಂಜಿನ್ನಿಗಾಗಿ ಮೊದಲು ಹೋಂಡಾ ಬಳಿ ಹೋದರು. ಅವರು ಒಪ್ಪದಿದ್ದಾಗ ಬಿಎಂಡಬ್ಲ್ಯೂದ ಪಾಲ್ ರೋಶೆ 6.1 ಲೀಟರಿನ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ವಿ12, ಅಂದರೆ ಹನ್ನೆರಡು ಸಿಲಿಂಡರಿನ ಎಂಜಿನ್ ಕಟ್ಟಿಕೊಟ್ಟರು. ಶಕ್ತಿ 627 ಪಿಎಸ್ (ಅಶ್ವಶಕ್ತಿ), ಕಾರಿನ ತೂಕ ಸುಮಾರು 1,140 ಕೆ.ಜಿ. ಚಾಲಕ ನಡುವೆ ಕೂರುತ್ತಾನೆ, ಇಬ್ಬರು ಪ್ರಯಾಣಿಕರು ಅವನ ಎರಡೂ ಬದಿಯಲ್ಲಿ ತುಸು ಹಿಂದಕ್ಕೆ ಕೂರುತ್ತಾರೆ. ಎಬಿಎಸ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. 1998ರ ತನಕ ರಸ್ತೆಯ ಕಾರು, ರೇಸಿನ ಕಾರು ಎಲ್ಲ ಸೇರಿ 106 ಮಾತ್ರ ತಯಾರಾದವು.

ಬಹುತೇಕ ಚರ್ಚೆಗಳು ವೇಗದಿಂದಲೇ ಶುರುವಾಗುತ್ತವೆ. ದಾರಿ ತಪ್ಪುವುದೂ ಅಲ್ಲಿಯೇ. 1998ರ ಮಾರ್ಚ್‌ನಲ್ಲಿ ಜರ್ಮನಿಯ ಎರಾ-ಲೆಸ್ಸಿಯೆನ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಆಂಡಿ ವ್ಯಾಲೇಸ್ ಈ ಕಾರನ್ನು ಗಂಟೆಗೆ 386 ಕಿ.ಮೀ. ವೇಗದಲ್ಲಿ ಓಡಿಸಿದರು. ಅದನ್ನು ಮೀರುವ ಉತ್ಪಾದನಾ ಕಾರು ಬರಲು 2005 ಆಗಬೇಕಾಯಿತು. ಆ ವರ್ಷ ಬಂದ ಬುಗಾಟಿ ವೇಯ್ರಾನ್ 400ರ ಗಡಿ ದಾಟಿತು, ನಿಜ. ಆದರೆ ಅದಕ್ಕೆ ನಾಲ್ಕು ಟರ್ಬೊಗಳ 8 ಲೀಟರ್ ಎಂಜಿನ್ ಮತ್ತು 1,001 ಪಿಎಸ್ ಬೇಕಾದವು, ತೂಕ ಸುಮಾರು 1,900 ಕೆ.ಜಿ.ಗೆ ಏರಿತು. ಟನ್ನಿಗೆ ಎಷ್ಟು ಪಿಎಸ್ ಎಂದು ಲೆಕ್ಕ ಹಾಕಿದರೆ ವೇಯ್ರಾನಿಗೆ ಸುಮಾರು 530, ಅದಕ್ಕಿಂತ ಹದಿಮೂರು ವರ್ಷ ಹಿರಿಯದಾದ ಎಫ್1ಗೆ 550. ದಾಖಲೆ ಮುರಿದ ಕಾರೆಲ್ಲ ಉತ್ತರಾಧಿಕಾರಿಯಾಗುವುದಿಲ್ಲ ಎನ್ನಲು ನನಗೆ ಇಷ್ಟು ಲೆಕ್ಕ ಸಾಕು.

ಮ್ಯಾಕ್ಲಾರೆನ್ ಮನೆಯಿಂದಲೇ ಬಂದ ಎರಡು ಕಾರುಗಳಲ್ಲಿ 2013ರ ಪಿ1 ಅದ್ಭುತ ಯಂತ್ರ. ಆದರೆ ಅದು ಎರಡು ಟರ್ಬೊಗಳ ವಿ8 ಹೈಬ್ರಿಡ್, ಎರಡೇ ಆಸನದ್ದು, ಗೇರನ್ನು ಕೈಯಿಂದ ಹಾಕುವಂತಿಲ್ಲ. ಅದರ ಬಗ್ಗೆ ಇಷ್ಟು ಸಾಕು. ಸ್ಪೀಡ್‌ಟೇಲ್ ಮಾತ್ರ ಹಕ್ಕನ್ನು ಜೋರಾಗಿಯೇ ಸಾಧಿಸುತ್ತದೆ: ನಡುವಿನ ಆಸನ, ಮೂವರಿಗೆ ಜಾಗ, 403 ಕಿ.ಮೀ. ಗರಿಷ್ಠ ವೇಗ, ಸಂಖ್ಯೆ ಕೂಡ ಅದೇ 106. ಆದರೆ ಉದ್ದ ನೋಡಿ. ಎಫ್1ರ ಉದ್ದ 4,287 ಮಿ.ಮೀ., ಸ್ಪೀಡ್‌ಟೇಲಿನದು 5,137. ನಿಮ್ಮ ಕಪಾಟಿನಲ್ಲಿ ಅದು ಸುಮಾರು 24 ಸೆಂ.ಮೀ. ಮತ್ತು 28.5 ಸೆಂ.ಮೀ. ಆಗಿ ಕಾಣುತ್ತದೆ. ಇನ್ನೋವಾ ಕ್ರಿಸ್ಟಾಕ್ಕಿಂತ ಸ್ಪೀಡ್‌ಟೇಲ್ 40 ಸೆಂ.ಮೀ. ಉದ್ದ, ಎಫ್1 ಅದೇ ಇನ್ನೋವಾಕ್ಕಿಂತ ಗಿಡ್ಡ ಮಾತ್ರವಲ್ಲ, 1,820 ಮಿ.ಮೀ. ಅಗಲದಲ್ಲಿ ಕೂದಲೆಳೆಯಷ್ಟು ಕಿರಿದೂ ಹೌದು. ನೆಲದಿಂದ ಇರುವ ಎತ್ತರದ ಮಾತು ಬಿಟ್ಟರೆ, ದೇವಿಮನೆ ಘಟ್ಟದಲ್ಲಿ ಎದುರಿನಿಂದ ಬಸ್ಸು ಬಂದಾಗ ಇನ್ನೋವಾ ಎಲ್ಲಿ ನುಸುಳುತ್ತದೋ ಅಲ್ಲಿ ಎಫ್1 ಕೂಡ ನುಸುಳಬೇಕು. ಸೂಪರ್‌ಕಾರು ದಿನಬಳಕೆಗೂ ಒದಗಬೇಕೆಂಬುದು ಮರ್ರೆಯವರ ಹಟವಾಗಿತ್ತು. ಅವರು ಅದಕ್ಕೆ ಮೇಲ್ಪಂಕ್ತಿಯಾಗಿ ಇಟ್ಟುಕೊಂಡದ್ದು ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು.

ಅದೇ ಹಟ 2020ರಲ್ಲಿ ಮರ್ರೆ ತಮ್ಮದೇ ಕಂಪನಿಯಿಂದ ಹೊರತಂದ ಟಿ.50ಯಲ್ಲಿ ಕಾಣುತ್ತದೆ. ಉದ್ದ 4,352 ಮಿ.ಮೀ., ಎಫ್1ಗಿಂತ ಆರೂವರೆ ಸೆಂ.ಮೀ. ಮಾತ್ರ ಹೆಚ್ಚು, ತೂಕ 986 ಕೆ.ಜಿ. ಕಾಸ್‌ವರ್ತ್ ಕಂಪನಿ ತಯಾರಿಸಿದ 3.9 ಲೀಟರ್ ವಿ12 ಎಂಜಿನ್ 178 ಕೆ.ಜಿ. ಇದೆ, ಎಫ್1ರದು 266 ಕೆ.ಜಿ. ಇತ್ತು. ಟಿ.50ಯ ಎಂಜಿನ್ ನಿಮಿಷಕ್ಕೆ 12,100 ಸುತ್ತಿನ ತನಕ ತಿರುಗುತ್ತದೆ, ಟರ್ಬೊ ಇಲ್ಲದೆಯೇ 663 ಪಿಎಸ್ ಕೊಡುತ್ತದೆ. ಆರು ಗೇರಿನ ಮ್ಯಾನ್ಯುಯಲ್, ನಡುವಿನ ಆಸನ ಎರಡೂ ಉಳಿದಿವೆ. ಹಿಂಬದಿಯ 400 ಮಿ.ಮೀ. ಫ್ಯಾನ್ ಕಾರಿನ ಅಡಿಯ ಗಾಳಿಯನ್ನು ಎಳೆದು ಅದನ್ನು ನೆಲಕ್ಕೆ ಒತ್ತುತ್ತದೆ. 1978ರಲ್ಲಿ ನಿಕಿ ಲೌಡಾ ಸ್ವೀಡನ್ನಿನ ಫಾರ್ಮುಲಾ ಒನ್ ಓಟದಲ್ಲಿ ಗೆದ್ದ ಬ್ರಾಭಮ್ ಫ್ಯಾನ್ ಕಾರಿನ ವಿನ್ಯಾಸವೂ ಮರ್ರೆಯವರದೇ. ಗರಿಷ್ಠ ವೇಗದ ದಾಖಲೆಯ ಪೈಪೋಟಿಗೆ ಅವರು ಈ ಕಾರನ್ನು ಇಳಿಸಲೇ ಇಲ್ಲ. ನನ್ನ ಮಟ್ಟಿಗೆ ಅದರ ಯೋಗ್ಯತೆ ಇರುವುದು ಆ ನಿರಾಕರಣೆಯಲ್ಲಿ.

ಈಗ ಶಿರಸಿಯವರ ಮಾತಿಗೆ ಬರುತ್ತೇನೆ. ಎಫ್1 ರೇಸಿಗೆಂದು ಹುಟ್ಟಿದ ಕಾರಲ್ಲ. ಗಿರಾಕಿಗಳ ಒತ್ತಾಯಕ್ಕೆ ಜಿಟಿಆರ್ ಎಂಬ ಅದರ ರೇಸಿನ ರೂಪ ಸಿದ್ಧವಾಯಿತು. ಮೊದಲ ಪ್ರಯತ್ನದಲ್ಲಿಯೇ, 1995ರಲ್ಲಿ, ಫ್ರಾನ್ಸಿನಲ್ಲಿ ಮಳೆಯ ನಡುವೆ ನಡೆದ ಲ ಮಾನ್ 24 ಗಂಟೆಗಳ ಓಟದಲ್ಲಿ ಲೆಹ್ಟೊ, ಡಲ್ಮಾಸ್ ಮತ್ತು ಸೆಕಿಯಾ ಅದರಲ್ಲಿ ಗೆದ್ದರು. ಮೂರು, ನಾಲ್ಕು, ಐದನೆಯ ಸ್ಥಾನಗಳೂ ಅದರ ಪಾಲಾದವು. ರಸ್ತೆ ಕಾರನ್ನು ಸ್ವಲ್ಪವೇ ಬದಲಿಸಿ ಅಲ್ಲಿ ಒಟ್ಟಾರೆ ಗೆಲ್ಲುವುದು ಇಂದು ತೀರ ಕಷ್ಟ. ಅತಿ ಹಗುರ, ಅತಿ ವೇಗ, ಲ ಮಾನ್ ವಿಜಯ ಮೂರೂ ಒಂದೇ ಕಾರಿಗೆ ಒಲಿಯುವ ಸಂದರ್ಭ ಮತ್ತೆ ಬಾರದು ಎಂಬರ್ಥದಲ್ಲಿ ಅವರು ಹೇಳಿದ್ದು ಸರಿ. ಟಿ.50ಯನ್ನು ಉತ್ತರಾಧಿಕಾರಿ ಎನ್ನುವಾಗ ನಾನು ಕಾರಿನ ಗುಣವನ್ನು ಹೇಳುತ್ತಿದ್ದೇನೆ, ಕೀರ್ತಿಯನ್ನಲ್ಲ.

ಆದ್ದರಿಂದ ಟಿ.50 ಮಾದರಿಯನ್ನೇ ಕೊಳ್ಳಿ. ಕೊಳ್ಳುವಾಗ ಎಂಜಿನ್ ಮೇಲಿನ ಎರಡು ಮುಚ್ಚಳ ತೆರೆಯುತ್ತವೆಯೇ, ಫ್ಯಾನಿನ ರೆಕ್ಕೆಗಳು ಬಿಡಿಯಾಗಿ ಮೂಡಿವೆಯೇ, ನಡುವಿನ ಆಸನ ಪಕ್ಕದ ಎರಡಕ್ಕಿಂತ ಮುಂದಿದೆಯೇ ಎಂಬ ಮೂರನ್ನು ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ. ಮುಚ್ಚಳ ತೆರೆಯದ ಅಗ್ಗದ ಮಾದರಿಯಾದರೆ ಈ ಕಾರಿನ ಮುಖ್ಯ ಸಂಗತಿಯಾದ ವಿ12 ಕಾಣುವುದೇ ಇಲ್ಲ. ಎರಡು ಮಾದರಿಗೆ ಜಾಗವಿದ್ದರೆ ಎರಡನೆಯದಾಗಿ ಸ್ಪೀಡ್‌ಟೇಲ್ ಬೇಡ, 1995ರ ಜಿಟಿಆರ್ ತರಿಸಿ.