ಅಘನಾಶಿನಿಯ ಸಿಹಿ, ಉಪ್ಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉತ್ತರ ಕನ್ನಡದ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಅಷ್ಟೂ ನೀರು ಸಮುದ್ರದ ಪಾಲು. ಇದು ಪೋಲಲ್ಲವೇ? (ಶಿರಸಿಯ ಓದುಗರು)

ಉತ್ತರ: ಪೋಲು ಎನ್ನುವವರು ಬೇಸಿಗೆಯಲ್ಲಿ, ಸಮುದ್ರ ಇಳಿಯುವ ಇಳಿತದ ಹೊತ್ತಿಗೆ, ಹೊಳೆ ಕಡಲು ಸೇರುವ ತದಡಿ ಅಳಿವೆಗೆ ಬಂದು ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರನ್ನು ನೋಡಬೇಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಹೊಳೆ ಮಳೆಗಾಲದಲ್ಲಿ ಅಳಿವೆಯನ್ನು ಸಿಹಿಯಾಗಿಸುತ್ತದೆ. ಹರಿವು ತಗ್ಗಿದಂತೆ ಭರತದ (ಸಮುದ್ರದ ಉಬ್ಬರದ) ಜೊತೆ ಉಪ್ಪು ಮೇಲೇರುತ್ತದೆ. ಬೆಳಚು, ಸಿಗಡಿಗಳ ಬದುಕು ಈ ಸರದಿಗೆ ಒಗ್ಗಿದೆ. ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ವಿದ್ಯುದಾಗಾರಗಳು ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗಿಳಿಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಲ್ಲಿ ಕೆಡಿಸಿದ್ದು ನೀರಿನ ಕೊರತೆಯಲ್ಲ, ಹೊತ್ತಲ್ಲದ ಹೊತ್ತಿಗೆ ಬಂದ ನೀರು.

ಪ್ರಶ್ನೆ: ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ) ಚೆಲ್ಲಿದ ಕಗ್ಗ ಭತ್ತದ ಮೊಳಕೆ ಸುಟ್ಟುಹೋಯಿತು. ಉಪ್ಪು ತಡೆಯುವ ತಳಿ ಎನ್ನುತ್ತಾರಲ್ಲ? (ಕುಮಟಾದ ಓದುಗರು)

ಉತ್ತರ: ನೀವು ಮೊದಲ ಮಳೆಗೇ ಬಿತ್ತಿಬಿಟ್ಟಿರಬಹುದು. ಕಗ್ಗ ಉಪ್ಪನ್ನೂ ನೆರೆಯನ್ನೂ ತಾಳುತ್ತದೆ, ಆದರೆ ಎಳೆ ಮೊಳಕೆಗೆ ಅಷ್ಟು ಗಟ್ಟಿತನ ಇರುವುದಿಲ್ಲ. ಮೇ ತಿಂಗಳಲ್ಲೇ ಕಟ್ಟೆಯ ಏಡಿಬಿಲಗಳನ್ನು ಜೇಡಿಮಣ್ಣು ತುರುಕಿ ಮುಚ್ಚಿ. ಕಟ್ಟೆ ಒಡೆಯುವುದು ಹೆಚ್ಚಾಗಿ ಅಲ್ಲಿಂದಲೇ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ಮಳೆನೀರು ನಿಲ್ಲಿಸಿ, ಇಳಿತದಲ್ಲಿ ತೂಬಿನ ಹಲಗೆ ಎತ್ತಿ ಬಸಿಯಿರಿ. ಭರತ ತಿರುಗುವ ಮುನ್ನ ಹಲಗೆ ಇಳಿಸಲೇಬೇಕು, ತಡವಾದರೆ ತೊಳೆದದ್ದೆಲ್ಲ ವ್ಯರ್ಥ. ಎರಡು ಮೂರು ಸಲ ಹೀಗೆ ಮಾಡಿ, ಗದ್ದೆನೀರು ನಾಲಿಗೆಗೆ ಉಪ್ಪೆನಿಸದಾದಾಗ ಮೊಳಕೆ ಕಟ್ಟಿದ ಬೀಜ ಚೆಲ್ಲಿ. ಗೊಬ್ಬರ ಬೇಡ, ನೆರೆ ತಂದ ಗೋಡುಮಣ್ಣು ಸಾಕು. ಕೊಯ್ಲಿನಲ್ಲಿ ತೆನೆಯಷ್ಟೇ ತೆಗೆದು ಹುಲ್ಲು ಬಿಡಿ. ಅದು ಕೊಳೆತರೆ ಸಿಗಡಿಗೆ ಮೇವು. ಆಮೇಲೆ ಭರತದಲ್ಲಿ ತೂಬು ತೆರೆದು ಸಿಗಡಿಮರಿ ಒಳಬಿಡುವುದು, ಇಳಿತದಲ್ಲಿ ತೂಬಿಗೆ ಬಲೆ ಒಡ್ಡುವುದು.

ಒಂದು ಮಾತು: ಗಜನಿಯ ಕಟ್ಟೆ, ತೂಬು ಎಲ್ಲರಿಗೂ ಸೇರಿದ್ದು. 1990ರ ದಶಕದಲ್ಲಿ ಸಿಗಡಿ ಗುತ್ತಿಗೆಗಾಗಿ ಮಳೆಗಾಲದಲ್ಲೂ ಉಪ್ಪುನೀರು ನಿಲ್ಲಿಸಿದ ಕಡೆ ಭತ್ತ ಹೋಯಿತು, ಸಿಗಡಿಗೂ ರೋಗ ತಗುಲಿತು. ಬಿತ್ತುವ ಮೊದಲು ನೆರೆಗದ್ದೆಯವರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಅಳಿವೆ ರಾಮ್ಸರ್ ಒಪ್ಪಂದದ ಪಟ್ಟಿ (ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದೆ. ಬೆಳಚು ಹೆಕ್ಕುವಂತಿಲ್ಲವೇ? (ಗೋಕರ್ಣದ ಓದುಗರು)

ಉತ್ತರ: 2024ರ ಜನವರಿಯಲ್ಲಿ ಸೇರಿತು. ಆ ಒಪ್ಪಂದ ಹಿತಮಿತದ ಬಳಕೆಯನ್ನು ಒಪ್ಪುತ್ತದೆ; ಪಟ್ಟಿ ಸೇರಿದ ಮಾತ್ರಕ್ಕೆ ಕೈಯಿಂದ ಹೆಕ್ಕುವುದಕ್ಕೆ ತಡೆಯಿಲ್ಲ. ಸಣ್ಣವನ್ನು ಅಲ್ಲೇ ಮರಳಿಗೆ ಬಿಡಿ, ಜರಡಿ ಹಿಡಿದು ಮರಿಸಮೇತ ಬಾಚಬೇಡಿ.