ಪರಿಹಾರದ ಜಮೀನು ಯಾರ ಪಾಲಾಯ್ತು?

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: "ಅಮೆರಿಕದ ನ್ಯೂ ಮ್ಯಾಡ್ರಿಡ್ ಭೂಕಂಪದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಇನ್ನೂರು ವರ್ಷದ ಹಿಂದೆಯೇ ಅಲ್ಲಿನ ಸರ್ಕಾರ ಹಾಳಾದ ಜಮೀನಿಗೆ ಬದಲು ಜಮೀನು ಕೊಟ್ಟಿತಂತೆ. ನಮ್ಮಲ್ಲಿ ಒಂದು ಚೆಕ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅವರದೇ ಒಳ್ಳೆಯ ಮಾದರಿ ಅಲ್ವಾ?")

ಸಂಪಾದಕರ ಉತ್ತರ:

ನಮಸ್ಕಾರ. ನೆಲ ಕಳೆದುಕೊಂಡವರಿಗೆ ನೆಲವನ್ನೇ ಕೊಡಬೇಕು ಅನ್ನುವ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನ್ಯೂ ಮ್ಯಾಡ್ರಿಡ್ ಅದಕ್ಕೆ ಮಾದರಿ ಅಲ್ಲ. ಅಲ್ಲಿ ಕೊಟ್ಟ ಜಮೀನು ನೊಂದವರ ಕೈ ಸೇರಿದ್ದು ತೀರಾ ಕಡಿಮೆ.

1811ರ ಡಿಸೆಂಬರ್ 16ರಂದು, ನಡುರಾತ್ರಿ ಕಳೆದು ಎರಡು ಗಂಟೆ ಸುಮಾರಿಗೆ ಮಿಸ್ಸಿಸಿಪ್ಪಿ ದಂಡೆಯ ಆ ಊರು ನಡುಗಿತು. ಜನವರಿ 23ಕ್ಕೆ ಇನ್ನೊಂದು ದೊಡ್ಡ ಕಂಪನ, ಫೆಬ್ರುವರಿ 7ಕ್ಕೆ ಮತ್ತೊಂದು. ಊರಿನಲ್ಲೇ ಇದ್ದ ಎಲಿಜಾ ಬ್ರಯಾನ್ ಎಂಬಾಕೆ 1816ರಲ್ಲಿ ಬರೆದ ಪತ್ರ ಉಳಿದಿದೆ. ಗಂಧಕದ ವಾಸನೆ, ಕಣ್ಣು ಕಾಣದ ಕತ್ತಲು, ಎಲ್ಲಿಗೆ ಓಡಬೇಕೆಂದು ತಿಳಿಯದೆ ಕಿರುಚುತ್ತಾ ಅಲೆದ ಜನ, ಕೆಲ ನಿಮಿಷ ಹಿಮ್ಮುಖವಾಗಿ ಹರಿದ ನದಿ ಎಲ್ಲವೂ ಅದರಲ್ಲಿವೆ. ಹೊಲಗಳ ಗತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿ ಮೇಲಿನ ಮಣ್ಣಿನ ಕೆಳಗೆ ನೀರು ತುಂಬಿದ ಮರಳಿತ್ತು. ಕುಲುಕಿದಾಗ ನೆಲ ಬಿರಿದು ಆ ಮರಳು, ನೀರು ಮೇಲಕ್ಕೆ ಚಿಮ್ಮಿದವು. ಉತ್ತು ಬಿತ್ತಿದ ಭೂಮಿ ಮರಳಿನಡಿ ಹೂತುಹೋಯಿತು. ಹೀಗಾದ ಮೇಲೆ ರೈತ ಅಲ್ಲೇ ಕೂತು ಏನು ಮಾಡಬೇಕು?

ಪರಿಹಾರದ ಕಾನೂನು ಬಂದದ್ದು 1815ರ ಫೆಬ್ರುವರಿ 17ರಂದು. ಮೂರು ವರ್ಷ ಕಳೆದಿತ್ತು. ನಡುವೆ ಬ್ರಿಟನ್ ಜೊತೆ ಯುದ್ಧ ಇತ್ತು, ನಿಜ. ಆದರೆ 1812ರ ಮಾರ್ಚ್ 26ರಂದು ವೆನೆಜುವೆಲಾದ ಕರಾಕಸ್ ಭೂಕಂಪಕ್ಕೆ ಸಿಕ್ಕಾಗ, ಇದೇ ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮೇ 8ಕ್ಕೇ ನೆರವಿನ ಕಾನೂನು ಮಾಡಿ 50,000 ಡಾಲರ್ ಒದಗಿಸಿತ್ತು. ಅವರಿಗೆ ಕೊಟ್ಟದ್ದು ಒಳ್ಳೆಯ ಕೆಲಸವೇ. ತಮ್ಮದೇ ಗಡಿನಾಡಿನ ಜನರನ್ನು ಮಾತ್ರ ಇಷ್ಟು ಕಾಯಿಸಿದ್ದು ನನಗೆ ಸಂಕಟದ ವಿಷಯ.

ಕಾನೂನು ಓದಿದರೆ ಉದಾರವಾಗಿಯೇ ಕಾಣುತ್ತದೆ. ಹಾಳಾದ ಜಮೀನನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರೆ, ಮಾರಾಟಕ್ಕಿಟ್ಟ ಸರ್ಕಾರಿ ಜಮೀನಿನಲ್ಲಿ ಅಷ್ಟೇ ವಿಸ್ತೀರ್ಣ ಆರಿಸಿಕೊಳ್ಳಬಹುದು. ಕಮ್ಮಿ ಅಂದರೆ 160 ಎಕರೆ, ಹೆಚ್ಚೆಂದರೆ 640. ಊರೊಳಗೆ ಒಂದು ಸಣ್ಣ ನಿವೇಶನ ಕಳೆದುಕೊಂಡವನಿಗೂ 160 ಎಕರೆ! ದಲ್ಲಾಳಿಗಳ ಕಣ್ಣು ಬಿದ್ದದ್ದು ಇಲ್ಲೇ. ಕಾನೂನಿನ ಸುದ್ದಿ ಸೇಂಟ್ ಲೂಯಿಸ್‌ಗೆ ಮೊದಲು ತಲುಪಿತು. ಅಲ್ಲಿನ ಜಮೀನು ವ್ಯಾಪಾರಿಗಳು ನದಿಗುಂಟ ಧಾವಿಸಿ ಬಂದು, ಏನೂ ಗೊತ್ತಿಲ್ಲದ ಜನರಿಂದ ಅವರ ಹಕ್ಕನ್ನು 40ರಿಂದ 60 ಡಾಲರಿಗೆ ಬರೆಸಿಕೊಂಡರು. ಆಗ ಸರ್ಕಾರಿ ಜಮೀನಿನ ಕನಿಷ್ಠ ಬೆಲೆ ಎಕರೆಗೆ 2 ಡಾಲರ್. ಅಂದರೆ 160 ಎಕರೆಗೆ 320 ಡಾಲರ್ ಆಯ್ತು. ಲೆಕ್ಕ ನೀವೇ ಹಾಕಿ.

ಬದಲು ಜಮೀನಿನ ಹಕ್ಕಿಗೆಂದು ಕೊಟ್ಟ ಒಟ್ಟು 516 ಸರ್ಟಿಫಿಕೇಟುಗಳಲ್ಲಿ 384 ಸೇಂಟ್ ಲೂಯಿಸ್‌ನವರ ಕೈ ಸೇರಿದವು. ಮೂಲ ಮಾಲೀಕರ ಬಳಿ ಉಳಿದದ್ದು ಬರೀ 20. ಸುಳ್ಳು ಪ್ರಮಾಣ ಮಾಡಿದವರೂ ಇದ್ದರು. ಕೊನೆಗೆ ಆ ಕಡೆ 'ನ್ಯೂ ಮ್ಯಾಡ್ರಿಡ್ ಕ್ಲೇಮ್' ಅಂದರೆ ಮೋಸ ಎಂದೇ ಜನ ತಿಳಿದರು. ಅರ್ಕಾನ್ಸಾಸಿನ ಹಾಟ್ ಸ್ಪ್ರಿಂಗ್ಸ್ ಬಿಸಿನೀರಿನ ಬುಗ್ಗೆಗಳ ಮೇಲೂ ಇಂಥ ಸರ್ಟಿಫಿಕೇಟು ಇಟ್ಟುಕೊಂಡು ಹಕ್ಕು ಹೂಡಿದ್ದರು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1876ರಲ್ಲಿ. ಜಮೀನು ಸರ್ಕಾರದ್ದೇ ಎಂದು ತೀರ್ಪಾಯಿತು.

ಇನ್ನೊಂದು ಮಾತು. ಈ ಕಾನೂನು ಜಮೀನಿನ ಒಡೆತನ ಇದ್ದವರಿಗೆ ಮಾತ್ರ. ಗುಲಾಮರಾಗಿ ದುಡಿಯುತ್ತಿದ್ದವರೂ ಅದೇ ನೆಲದ ಮೇಲೆ ನಡುಗಿದ್ದರು. ಅವರಿಗೆ ಒಂದು ಗೇಣು ಭೂಮಿಯೂ ಇಲ್ಲ.

ಹಾಗಾದರೆ ಚೆಕ್ಕೇ ವಾಸಿಯೇ? ಅಲ್ಲ, ಜಮೀನೇ ಕೊಡಲಿ. ಆದರೆ ಸುಲಭವಾಗಿ ಕೈ ಬದಲಾಗದಂತೆ ಕೊಡಲಿ. ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ನಮ್ಮ ಕರ್ನಾಟಕದ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯನ್ನೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದ್ದರೆ ಅಸಿಸ್ಟೆಂಟ್ ಕಮಿಷನರ್ ಅದನ್ನು ಬಿಡಿಸಿ ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಕೊಡಿಸಬಹುದು. ನೆರೆ, ಭೂಕುಸಿತದಲ್ಲಿ ನೆಲ ಕಳೆದುಕೊಂಡವರಿಗೆ ಕೊಡುವ ಜಮೀನಿಗೂ ಇಂಥದೇ ಬಿಗಿ ಷರತ್ತು ಹಾಕಲಿ. ಆದೇಶವನ್ನು ಮೊದಲು ಆ ಊರಿನ ಗ್ರಾಮಸಭೆಯಲ್ಲೇ ಓದಿ ಹೇಳಲಿ. ನೀವು ಬರೆದದ್ದರ ಜೊತೆಗೆ ಇವೆರಡನ್ನೂ ಸೇರಿಸಿ ಕೇಳೋಣ.