ಹರಾಜು ಗೆದ್ದ ಮೇಲೆ ಬರುವ ಅಂಚೆ ಬಿಲ್ಲು

ಆನ್‌ಲೈನ್ ಹರಾಜಿನಲ್ಲಿ ವಸ್ತು ಕೊಂಡವರು, ಮಾರಿದವರು ಇಬ್ಬರಿಂದಲೂ ಪತ್ರಗಳು ಬಂದಿವೆ. ಜಗಳ ವಸ್ತುವಿನ ಬಗ್ಗೆ ಅಲ್ಲ, ಅದನ್ನು ಕಳಿಸುವ ಖರ್ಚಿನ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಹರಾಜಿನಲ್ಲಿ ಒಂದು ಹಳೆಯ ಕ್ಯಾಮೆರಾ ಲೆನ್ಸ್ ಗೆದ್ದೆ. ವಿವರದಲ್ಲಿ ‘ಸಾಗಣೆ ವೆಚ್ಚ ಪ್ರತ್ಯೇಕ’ ಅಂತ ಮಾತ್ರ ಇತ್ತು, ಎಷ್ಟು ಅಂತ ಇರಲಿಲ್ಲ. ಈಗ ಮಾರಿದವರು ಲೆನ್ಸಿನ ಬೆಲೆಯ ಮುಕ್ಕಾಲು ಭಾಗದಷ್ಟು ಸಾಗಣೆಗೇ ಕೇಳುತ್ತಿದ್ದಾರೆ. ಒಪ್ಪದಿದ್ದರೆ, ಬಿಡ್ ಮಾಡಿ ಹಣ ಕೊಡಲಿಲ್ಲ ಅಂತ ದೂರು ಹಾಕ್ತಾರಂತೆ. ಕೊಡಲೇಬೇಕಾ? ಕಾನೂನು ಏನನ್ನುತ್ತದೆ?

ಉತ್ತರ: ಕೇಳಿದಷ್ಟನ್ನೂ ಕೊಡಬೇಕಿಲ್ಲ. ಹಾಗಂತ ಏನೂ ಕೊಡಲ್ಲ ಅನ್ನೋದಕ್ಕೂ ಆಗಲ್ಲ. ‘ಪ್ರತ್ಯೇಕ’ ಅನ್ನೋದನ್ನು ಓದಿಯೇ ಬಿಡ್ ಮಾಡಿದ್ದೀರಿ, ಅಂದರೆ ಸಾಗಣೆಗೆ ಏನೋ ಒಂದಿಷ್ಟು ಆಗುತ್ತದೆ ಅಂತ ಒಪ್ಪಿದ್ದೀರಿ. ಆದರೆ ಯಾವ ಮೊತ್ತವನ್ನೂ ಒಪ್ಪಿಲ್ಲ. ಹೀಗಿದ್ದಾಗ ನಿಜವಾಗಿ ತಗಲುವ ಖರ್ಚು, ಅದರ ಮೇಲೆ ಪ್ಯಾಕಿಂಗ್‌ಗೆ ಸ್ವಲ್ಪ, ಇಷ್ಟು ಕೇಳಿದರೆ ನ್ಯಾಯ.

ಅದನ್ನು ಕಂಡುಹಿಡಿಯೋದು ಕಷ್ಟವಲ್ಲ. ಹರಾಜಿನ ತಾಣದ ಮೆಸೇಜಿನಲ್ಲೇ ಕೇಳಿ: ಪ್ಯಾಕ್ ಮಾಡಿದ ಮೇಲೆ ತೂಕ ಎಷ್ಟು, ಡಬ್ಬದ ಉದ್ದ ಅಗಲ ಎತ್ತರ ಎಷ್ಟು, ಯಾವ ಸೇವೆಯಲ್ಲಿ ಕಳಿಸ್ತೀರಿ, ವಿಮೆ ಸೇರಿದೆಯಾ. ಅವರು ಹೇಳಿದ ಅಳತೆಯನ್ನು ಆ ಅಂಚೆಯ ಅಥವಾ ಕೊರಿಯರ್‌ನ ದರ ಲೆಕ್ಕ ಹಾಕುವ ಪುಟದಲ್ಲಿ ಹಾಕಿ ನೋಡಿ. ಹೆಚ್ಚುಕಡಿಮೆ ಹೊಂದಿದರೆ ಕೊಟ್ಟುಬಿಡಿ, ದುಬಾರಿ ಅನ್ನಿಸಿದರೂ ಅದು ಅವರ ತಪ್ಪಲ್ಲ. ಒಂದಕ್ಕೆ ಎರಡರಷ್ಟು ಕೇಳಿದ್ದಾರೆ ಅಂತ ಗೊತ್ತಾದರೆ ನಿಮ್ಮ ಲೆಕ್ಕವನ್ನು ಅವರಿಗೆ ಬರೆದು, ‘ಇಷ್ಟಕ್ಕೆ ಈಗಲೇ ಹಣ ಕಳಿಸ್ತೀನಿ, ಇಲ್ಲದಿದ್ದರೆ ಇಬ್ಬರೂ ಒಪ್ಪಿ ರದ್ದು ಮಾಡೋಣ’ ಅಂತ ಹೇಳಿ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ, ಬರಹದಲ್ಲಿ ಇರಲಿ. ತಾಣದ ಹೊರಗೆ ಹಣ ಕಳಿಸಿ ಅಂದರೆ ಒಪ್ಪಲೇಬೇಡಿ. ಬಿಡ್ ಮಾಡಿದಾಗ ಪುಟ ಹೇಗಿತ್ತು ಅನ್ನೋದರ ಸ್ಕ್ರೀನ್‌ಶಾಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಈಗಲಾದರೂ ತೆಗೆದಿಡಿ. ಅವರು ದೂರು ಹಾಕಿದರೂ ತಾಣದವರು ಮೊದಲು ನೋಡೋದು ಈ ಮೆಸೇಜುಗಳನ್ನೇ.

ಕಾನೂನು ಏನನ್ನುತ್ತದೆ ಅಂತಲೂ ಕೇಳಿದ್ದೀರಿ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ಸಾಗಣೆ ವೆಚ್ಚವನ್ನು ವ್ಯವಹಾರಕ್ಕೆ ಮೊದಲೇ ಹೇಳಬೇಕು, ಹೇಳದಿದ್ದರೆ ಗ್ರಾಹಕ ಅದನ್ನು ಭರಿಸಬೇಕಿಲ್ಲ. ಮೊದಲೇ ಲೆಕ್ಕ ಹಾಕಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ ‘ಹೆಚ್ಚುವರಿ ವೆಚ್ಚ ಬರಬಹುದು’ ಅಂತ ಹೇಳಿದರೆ ಸಾಕು. ಒಂದು ಲೆನ್ಸನ್ನು ಪ್ಯಾಕ್ ಮಾಡಿ ತೂಗೋದು ಸಾಧ್ಯವಿಲ್ಲದ ಕೆಲಸವೇನೂ ಅಲ್ಲ, ಅಲ್ವಾ? ಭಾರತದ 2020ರ ಇ-ಕಾಮರ್ಸ್ ನಿಯಮಗಳೂ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಡೆಲಿವರಿ, ಅಂಚೆ, ಹ್ಯಾಂಡ್ಲಿಂಗ್ ಶುಲ್ಕಗಳನ್ನು ಬಿಡಿಬಿಡಿಯಾಗಿ ಹೇಳಿ ಅನ್ನುತ್ತವೆ. ಆದರೆ ಗಮನಿಸಿ, ಇಂಥ ಕಾನೂನು ವ್ಯಾಪಾರವಾಗಿ ಮಾರುವವರಿಗೆ. ಮನೆಯ ಹಳೆ ಸಾಮಾನನ್ನು ಯಾವಾಗಲೋ ಒಮ್ಮೆ ಮಾರುವವರ ಜೊತೆ ಜಗಳವಾದರೆ ಆ ತಾಣದ ನಿಯಮ ಮತ್ತು ವಿವರದಲ್ಲಿ ಬರೆದ ಮಾತು, ಇವೆರಡೇ ಹೆಚ್ಚಾಗಿ ನಿಮ್ಮ ಆಧಾರ.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಯೋಚಿಸಿದಂತೆ ಕಾಣಲ್ಲ. ಅಂಗಡಿಯಲ್ಲಿ ಬೆಲೆ ಮುಚ್ಚಿಟ್ಟರೆ ಮೋಸ ಹೋಗೋದು ಕೊಂಡವರೊಬ್ಬರೇ. ಹರಾಜಿನಲ್ಲಿ ಹಾಗಲ್ಲ. ಸಾಗಣೆಗೆ ಜಾಸ್ತಿ ಆಗಬಹುದು ಅಂತ ಹೆದರಿ ಬೇಗ ಕೈಬಿಟ್ಟವರು ಇರುತ್ತಾರೆ, ಕಡಿಮೆ ಆಗುತ್ತದೆ ಅಂದುಕೊಂಡು ಮುಂದುವರಿದವರು ಇರುತ್ತಾರೆ. ಒಬ್ಬೊಬ್ಬರೂ ಬೇರೆ ಬೇರೆ ಮೊತ್ತ ಮನಸ್ಸಿನಲ್ಲಿಟ್ಟುಕೊಂಡು ಕೂಗಿದರೆ, ಕೊನೆಗೆ ಗೆದ್ದವರು ನಿಜವಾಗಿ ಹೆಚ್ಚು ಕೊಡಲು ತಯಾರಿದ್ದವರು ಅನ್ನೋ ಖಾತ್ರಿಯೇ ಇರಲ್ಲ. ಅಂಚೆ ವೆಚ್ಚ ಬರೆಯದ ಹರಾಜು ಎಲ್ಲರಿಗೂ ಮಾಡಿದ ಅನ್ಯಾಯ ಅಂತ ನಾನು ಹೇಳೋದು ಇದಕ್ಕೇ.

ಪ್ರಶ್ನೆ: ಪಾರ್ಸೆಲ್ ಬಂತು. ಮೇಲೆ ಅಂಟಿಸಿದ್ದ ಅಂಚೆ ದರ ನಾನು ಕೊಟ್ಟದ್ದರ ಅರ್ಧವೂ ಇಲ್ಲ. ಉಳಿದದ್ದು ವಾಪಸ್ ಕೇಳಬಹುದಾ?

ಉತ್ತರ: ಮೊತ್ತವನ್ನು ಮೊದಲೇ ಬರೆದಿದ್ದರಾ? ಬರೆದಿದ್ದರೆ ಹಕ್ಕಿನಿಂದ ಕೇಳೋದು ಕಷ್ಟ. ನೀವು ಆ ಮೊತ್ತ ನೋಡಿಯೇ ಬಿಡ್ ಮಾಡಿದ್ದೀರಿ. ಡಬ್ಬ, ಗುಳ್ಳೆ ಪ್ಲಾಸ್ಟಿಕ್, ಟೇಪು, ಅಂಚೆ ಕಚೇರಿಗೆ ಹೋಗಿಬರುವ ಖರ್ಚು ಇವೆಲ್ಲ ಅಂಚೆ ಚೀಟಿಯಲ್ಲಿ ಕಾಣಲ್ಲ. ಗಾಜಿನ ವಸ್ತುವನ್ನು ಎರಡು ಡಬ್ಬದೊಳಗೆ ಸರಿಯಾಗಿ ಕೂರಿಸಿದವರು ಅದಕ್ಕೆ ದುಡ್ಡು ತೆಗೆದುಕೊಂಡರೆ ನನಗೆ ತಪ್ಪು ಅನ್ನಿಸಲ್ಲ.

ಆದರೆ ಎರಡು ಸಂದರ್ಭದಲ್ಲಿ ಬಿಡಬೇಡಿ. ‘ನಿಜವಾದ ಅಂಚೆ ವೆಚ್ಚ ಮಾತ್ರ’ ಅಂತ ಬರೆದು ಜಾಸ್ತಿ ತೆಗೆದುಕೊಂಡಿದ್ದರೆ ಅದು ಕೊಟ್ಟ ಮಾತು ತಪ್ಪಿದಂತೆ. ಟ್ರ್ಯಾಕಿಂಗ್ ಇರುವ ವೇಗದ ಸೇವೆಗೆ ಹಣ ಪಡೆದು ಸಾದಾ ಅಂಚೆಯಲ್ಲಿ ಕಳಿಸಿದ್ದರೂ ಅಷ್ಟೇ, ನೀವು ಹಣ ಕೊಟ್ಟ ಸೇವೆಯೇ ನಿಮಗೆ ಸಿಕ್ಕಿಲ್ಲ. ಲಕೋಟೆ ಅಥವಾ ಡಬ್ಬವನ್ನು ಎಸೆಯುವ ಮುಂಚೆ ಅದರ ಫೋಟೊ ತೆಗೆದು, ವ್ಯತ್ಯಾಸದ ಹಣ ಕೇಳಿ. ಮೊದಲ ಮೆಸೇಜಿನಲ್ಲೇ ಕಳ್ಳ ಅಂತ ಬರೆಯಬೇಡಿ. ವಿಚಾರಿಸಿದಂತೆ ಕೇಳಿದಾಗ ತುಂಬಾ ಜನ ವಾಪಸ್ ಕೊಡುತ್ತಾರೆ.

ಪ್ರಶ್ನೆ: ನಾನು ಮಾರುವವಳು. ಒಂದು ದೀಪದ ಶೇಡ್ (ಲ್ಯಾಂಪ್‌ಶೇಡ್) ಹರಾಜಿಗಿಟ್ಟು, ತೂಕ 2 ಕೆ.ಜಿ. ಅಂತ ಅಂದಾಜಿಸಿ ಸಾಗಣೆ ವೆಚ್ಚ ಬರೆದೆ. ಕೊರಿಯರ್‌ನವರು 12 ಕೆ.ಜಿ. ದರ ಹಾಕಿದರು! ಕೊಂಡವರ ಹತ್ತಿರ ಉಳಿದದ್ದನ್ನು ಕೇಳಬಹುದಾ?

ಉತ್ತರ: ಕೊರಿಯರ್‌ನವರ ಲೆಕ್ಕ ತಪ್ಪಲ್ಲ. ಹಗುರವಾದ ದೊಡ್ಡ ಡಬ್ಬ ವಾಹನದಲ್ಲಿ, ವಿಮಾನದಲ್ಲಿ ಜಾಗ ತಿನ್ನುತ್ತದೆ, ಅದಕ್ಕೆ ಗಾತ್ರದ ಮೇಲೆ ಒಂದು ತೂಕ ಕಟ್ಟುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸೋದು ದೊಡ್ಡ ಅಂತರರಾಷ್ಟ್ರೀಯ ಕೊರಿಯರ್‌ಗಳ ಸಾಮಾನ್ಯ ಕ್ರಮ. ನಿಮ್ಮ ಡಬ್ಬ 50, 40, 30 ಸೆಂ.ಮೀ. ಅಂತ ಬರೆದಿದ್ದೀರಿ. ಗುಣಿಸಿದರೆ 60,000, ಭಾಗಿಸಿದರೆ 12. ನಿಜವಾದ ತೂಕ ಮತ್ತು ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ. ಕೆಲವರು 5000ದ ಬದಲು ಬೇರೆ ಸಂಖ್ಯೆ ಬಳಸುತ್ತಾರೆ, ಮೊದಲೇ ಕೇಳಿ.

ಕೊಂಡವರನ್ನು ಕೇಳಬಹುದು, ಒತ್ತಾಯ ಮಾಡುವಂತಿಲ್ಲ. ಮೊತ್ತ ಬರೆದದ್ದು ನೀವು, ಅದನ್ನು ನಂಬಿ ಬಿಡ್ ಮಾಡಿದ್ದು ಅವರು. ಇನ್ನೂ ಕಳಿಸಿಲ್ಲ ಅಂದರೆ ಬಿಲ್ಲಿನ ಫೋಟೊ ತೋರಿಸಿ, ‘ಅಂದಾಜು ತಪ್ಪಿತು, ಅರ್ಧ ಭರಿಸ್ತೀರಾ ಅಥವಾ ನಿಧಾನದ ಸೇವೆ ಆಗಬಹುದಾ’ ಅಂತ ಕೇಳಿ ನೋಡಿ. ಅವರು ಇಲ್ಲ ಅಂದರೆ ಆ ಖರ್ಚು ನಿಮ್ಮದೇ. ಹಣ ಬರುವವರೆಗೆ ಪಾರ್ಸೆಲ್ ಹಿಡಿದಿಟ್ಟುಕೊಳ್ಳೋದು ಮಾತ್ರ ಖಂಡಿತ ಬೇಡ. ಅಲ್ಲಿಗೆ ನ್ಯಾಯ ಪೂರ್ತಿ ಅವರ ಕಡೆಗೆ ಹೋಗುತ್ತದೆ.

ಮುಂದಕ್ಕೆ ಹರಾಜಿಗೆ ಹಾಕುವ ಮೊದಲೇ ಪ್ಯಾಕ್ ಮಾಡಿ. ಮಾರಾಟವಾಗುತ್ತೋ ಇಲ್ಲವೋ ಗೊತ್ತಿಲ್ಲದೆ ಯಾಕೆ ಪ್ಯಾಕ್ ಮಾಡಲಿ ಅನ್ನಿಸುತ್ತದೆ, ಗೊತ್ತು. ಕನಿಷ್ಠ ಯಾವ ಡಬ್ಬದಲ್ಲಿ ಕಳಿಸ್ತೀರೋ ಅದನ್ನು ಆರಿಸಿ, ವಸ್ತುವನ್ನು ಒಳಗಿಟ್ಟು, ಹತ್ತಿ, ಕಾಗದ ತುಂಬಿ, ತೂಗಿ, ಅಳೆದು, ಆ ಅಂಕಿಗಳನ್ನೇ ವಿವರದಲ್ಲಿ ಬರೆಯಿರಿ. ಹೊರದೇಶಕ್ಕೆ ಅಂಚೆಯಲ್ಲಿ ಕಳಿಸುವವರಿಗೆ ಇನ್ನೂ ಒಂದು ಎಚ್ಚರಿಕೆ: ಅಂಚೆಯಲ್ಲಿ ‘ಸಣ್ಣ ಪ್ಯಾಕೆಟ್’ ಅನ್ನುವ ಸೇವೆ ಇರುವ ಕಡೆ ಅದಕ್ಕೆ ಸಾಮಾನ್ಯವಾಗಿ 2 ಕೆ.ಜಿ. ಮಿತಿ. ವಸ್ತು 1.9 ಕೆ.ಜಿ. ಇದ್ದರೆ ಡಬ್ಬದ ತೂಕ ಸೇರಿ ಮಿತಿ ದಾಟುತ್ತದೆ, ಆಮೇಲೆ ಪಾರ್ಸೆಲ್ ದರ.

ಪ್ರಶ್ನೆ: ವಸ್ತುವಿನ ಬೆಲೆ ಬಿಡಿಗಾಸು, ಸಾಗಣೆ ಮಾತ್ರ ಭಾರಿ. ಜನ ಯಾಕೆ ಹೀಗೆ ಇಡ್ತಾರೆ? ಇದು ಮೋಸ ತಾನೇ?

ಉತ್ತರ: ಮೊತ್ತ ಬರೆದಿದ್ದರೆ ಮೋಸ ಅನ್ನಲ್ಲ, ಆದರೆ ಕಣ್ಣು ತಪ್ಪಿಸುವ ಕೆಲಸ ಹೌದು. ಇದಕ್ಕೆ ಹಳೆಯ ಕಾರಣವಿದೆ. 1995ರಲ್ಲಿ ಶುರುವಾದ ಇಬೇ ಅನ್ನುವ ಹರಾಜು ತಾಣದಲ್ಲಿ ತುಂಬಾ ಕಾಲ ಕಮಿಷನ್ ಹಿಡಿಯುತ್ತಿದ್ದದ್ದು ಮಾರಾಟದ ಬೆಲೆಯ ಮೇಲೆ ಮಾತ್ರ, ಸಾಗಣೆಯ ಮೇಲೆ ಅಲ್ಲ. ಬೆಲೆ ಇಳಿಸಿ ಸಾಗಣೆ ಏರಿಸಿದರೆ ಕಮಿಷನ್ ಉಳಿಯುತ್ತಿತ್ತು. ಜೊತೆಗೆ ಕಡಿಮೆ ಬೆಲೆಯಿಂದ ಜೋಡಿಸಿ ನೋಡುವವರಿಗೆ ಆ ವಸ್ತುವೇ ಮೊದಲು ಕಾಣುತ್ತಿತ್ತು. ದೂರು ಹೆಚ್ಚಿದ ಮೇಲೆ 2007ರಲ್ಲಿ ಕೊಂಡವರು ಸಾಗಣೆ ವೆಚ್ಚಕ್ಕೇ ಬೇರೆಯಾಗಿ ಅಂಕ ಕೊಡುವ ಏರ್ಪಾಡು ಬಂತು, 2011ರಲ್ಲಿ ಅಮೆರಿಕದಲ್ಲಿ ಸಾಗಣೆಯನ್ನೂ ಸೇರಿಸಿ ಕಮಿಷನ್ ಹಾಕಲು ಶುರು ಮಾಡಿದರು.

ಕಮಿಷನ್ನಿನ ಲಾಭ ಹೋದರೂ ಈ ರೂಢಿ ಪೂರ್ತಿ ಹೋಗಿಲ್ಲ, ಯಾಕೆಂದರೆ ನಾವು ಇದಕ್ಕೆ ಸುಲಭವಾಗಿ ಒಲಿಯುತ್ತೇವೆ. ತಂಜಿಮ್ ಹೊಸೈನ್ ಮತ್ತು ಜಾನ್ ಮಾರ್ಗನ್ ಅನ್ನುವ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಸಂಗೀತ ಸಿಡಿಯನ್ನು ಎರಡು ರೀತಿಯಲ್ಲಿ ಹರಾಜಿಗಿಟ್ಟಿದ್ದರು. ಒಂದರಲ್ಲಿ ಆರಂಭದ ಬೆಲೆ 4 ಡಾಲರ್, ಸಾಗಣೆ ಉಚಿತ. ಇನ್ನೊಂದರಲ್ಲಿ ಆರಂಭ 1 ಸೆಂಟ್, ಸಾಗಣೆ 3.99 ಡಾಲರ್. ಒಟ್ಟು ಎರಡೂ ಅಷ್ಟೇ. ಆದರೂ 1 ಸೆಂಟಿನದಕ್ಕೆ ಹೆಚ್ಚು ಜನ ಬಿಡ್ ಮಾಡಿದರು, ಸರಾಸರಿ ಹೆಚ್ಚು ಹಣವೂ ಬಂತು.

ಹಾಗಾಗಿ ಹುಡುಕುವಾಗ ‘ಬೆಲೆ ಮತ್ತು ಸಾಗಣೆ ಸೇರಿಸಿ’ ಜೋಡಿಸುವ ಆಯ್ಕೆ ಬಳಸಿ. ನಿಮಗೆ ನೀವೇ ಹಾಕಿಕೊಳ್ಳುವ ಮಿತಿಯೂ ಒಟ್ಟು ಮೊತ್ತದ ಮೇಲಿರಲಿ, ಅದರಿಂದ ಸಾಗಣೆ ಕಳೆದು ಉಳಿದದ್ದಷ್ಟೇ ನಿಮ್ಮ ಬಿಡ್.

ಪ್ರಶ್ನೆ: ಒಬ್ಬರ ಹತ್ತಿರವೇ ಮೂರು ಪುಸ್ತಕ ಗೆದ್ದೆ. ಮೂರಕ್ಕೂ ಬೇರೆ ಬೇರೆ ಸಾಗಣೆ ಹಾಕಿದ್ದಾರೆ, ಒಂದೇ ಡಬ್ಬದಲ್ಲಿ ಬರುತ್ತಲ್ಲ?

ಉತ್ತರ: ಹಣ ಕಟ್ಟಬೇಡಿ, ಮೊದಲು ಸೇರಿಸಿದ ಬಿಲ್ಲು ಕೇಳಿ. ಕಟ್ಟಿದ ಮೇಲೆ ವಾಪಸ್ ಪಡೆಯೋದು ಅವರ ಒಳ್ಳೆಯತನಕ್ಕೆ ಬಿಟ್ಟದ್ದು. ಹಾಗೇ, ಪುಸ್ತಕ ಭಾರ, ಮೂರು ಸೇರಿದರೆ ತೂಕದ ಮುಂದಿನ ಹಂತಕ್ಕೆ ಹೋಗುತ್ತದೆ. ಒಂದರ ಸಾಗಣೆಯಲ್ಲೇ ಮೂರೂ ಬರಲಿ ಅಂತ ಹಟ ಮಾಡಬೇಡಿ.

ಪ್ರಶ್ನೆ: ಹೊರದೇಶದಿಂದ ಗೆದ್ದ ವಸ್ತು. ಸಾಗಣೆ ಪೂರ್ತಿ ಕಟ್ಟಿದ್ದೆ. ಬಾಗಿಲಲ್ಲಿ ಪಾರ್ಸೆಲ್ ತಂದವರು ಮತ್ತೆ ಹಣ ಕೇಳಿದರು. ಮಾರಿದವರು ಮೋಸ ಮಾಡಿದ್ರಾ?

ಉತ್ತರ: ಬಹುಶಃ ಇಲ್ಲ. ಅದು ಕಸ್ಟಮ್ಸ್ ಸುಂಕ ಇರಬೇಕು, ಮೇಲೆ ಅದನ್ನು ನಿಮ್ಮ ಪರವಾಗಿ ಕಟ್ಟಿದ್ದಕ್ಕೆ ಸಾಗಿಸಿದವರ ಶುಲ್ಕ. ಇದು ಸಾಗಣೆ ವೆಚ್ಚದ ಭಾಗವಲ್ಲ. ಮಾರುವವರು ಬೇರೆ ಏನೂ ಹೇಳದಿದ್ದರೆ ಪಡೆಯುವವರೇ ಕಟ್ಟಬೇಕು. ತುಂಬಾ ದೇಶಗಳಲ್ಲಿ ಸುಂಕವನ್ನು ವಸ್ತುವಿನ ಬೆಲೆಗೆ ಸಾಗಣೆಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ, ಸಾಗಣೆ ದುಬಾರಿಯಾದಷ್ಟೂ ಸುಂಕವೂ ಏರುತ್ತದೆ. ‘ಸುಂಕ ಸೇರಿ’ ಅಂತ ವಿವರದಲ್ಲಿ ಬರೆದಿದ್ದರೆ ಮಾತ್ರ ರಸೀದಿ ಇಟ್ಟುಕೊಂಡು ಅವರನ್ನು ಕೇಳಿ.

ಪ್ರಶ್ನೆ: ವಸ್ತು ಒಡೆದು ಬಂತು. ಬೆಲೆ ವಾಪಸ್ ಕೊಟ್ಟರು, ಸಾಗಣೆ ಹಣ ಕೊಡಲ್ಲ ಅಂತಾರೆ, ‘ಅದು ಕೊರಿಯರ್‌ನವರಿಗೆ ಹೋಯಿತು’ ಅಂತ.

ಉತ್ತರ: ಈ ಮಾತನ್ನು ಒಪ್ಪಬೇಡಿ. ನಿಮ್ಮ ಮನಸ್ಸು ಬದಲಾಗಿ ವಾಪಸ್ ಮಾಡಿದ್ದರೆ ಚರ್ಚೆಗೆ ಜಾಗವಿತ್ತು. ಒಡೆದ ವಸ್ತುವನ್ನು ನೀವು ಬಯಸಿರಲಿಲ್ಲ. ಕೊರಿಯರ್‌ನವರನ್ನು ಆರಿಸಿದ್ದು, ಪ್ಯಾಕ್ ಮಾಡಿದ್ದು ಮಾರಿದವರು, ಪರಿಹಾರ ಬೇಕಿದ್ದರೆ ಅವರೇ ಅಲ್ಲಿ ಕೇಳಬೇಕು. ಕೊಳ್ಳುವವರಿಗೆ ಹಣದ ಖಾತ್ರಿ ಕೊಡುವ ದೊಡ್ಡ ಹರಾಜು ತಾಣಗಳಲ್ಲಿ ಇಂಥ ಸಂದರ್ಭಕ್ಕೆ ಮೊದಲ ಸಾಗಣೆಯೂ ಸೇರಿ ಪೂರ್ತಿ ವಾಪಸ್ ಬರುತ್ತದೆ. ಇದಕ್ಕೆ ಅವಧಿ ಇರುತ್ತದೆ, ಮಾರಿದವರ ಜೊತೆ ವಾದ ಮಾಡುತ್ತಾ ಅದನ್ನು ಕಳೆದುಕೊಳ್ಳಬೇಡಿ. ಒಡೆದ ವಸ್ತುವಿನ ಜೊತೆ ಡಬ್ಬದ ಒಳಗಿನ ಫೋಟೊ ಕೂಡ ಹಾಕಿ ಇವತ್ತೇ ದೂರು ಕೊಡಿ. ಬೆಲೆ ಮಾತ್ರ ವಾಪಸ್ ಬಂದಿದ್ದಕ್ಕೆ ‘ವಿವಾದ ಮುಗಿಯಿತು’ ಅನ್ನುವ ಗುಂಡಿ ಒತ್ತಿಬಿಡಬೇಡಿ, ಒತ್ತಿದರೆ ಮತ್ತೆ ತೆರೆಸೋದು ಕಷ್ಟ.